ಕಾರಣ ಎಂಬ ಕಾಲಂ

ಆಗಸ್ಟಿನ ಎರಡನೆಯ ಬುಧವಾರ, ರಿವಣದ ಸಡೆಯ ಮೇಲೆ
ಜೀಪು ನಿಲ್ಲಿಸಿದಾಗ ವಾಸನೆಯೇ ಇರಲಿಲ್ಲ.
ಸತ್ತದ್ದು ನಾರಬೇಕಲ್ಲ.
ಇವು ನಾರುವಷ್ಟೂ ದೊಡ್ಡವಲ್ಲ;
ಹೆಬ್ಬೆರಳುಗುರಿನಷ್ಟು, ಕೆಲವು ಅಂಗಿಯ ಗುಂಡಿಯಷ್ಟು,
ಜಂಬಿಟ್ಟಿಗೆಯ ಕುಳಿಕುಳಿಯಲ್ಲಿ ಹೊಟ್ಟೆ ಮೇಲೆ ಮಾಡಿ, ಕೈ ಅಗಲಿಸಿ,
ಸೆಕೆಗೆ ಮಾಳಿಗೆಯ ಮೇಲೆ ಮಲಗಿದ ಹುಡುಗರ ಹಾಗೆ.

ಮುನ್ನೂರ ಹನ್ನೊಂದು, ಬರೆದುಕೊಂಡರು ಲವೀನಾ ಮೇಡಂ.
ನಾನೂ ಮನಸ್ಸಿನಲ್ಲೇ ಎಣಿಸಿದ್ದೆ. ಎರಡು ಹೆಚ್ಚಿದ್ದವು.
ಡ್ರೈವರನ ಲೆಕ್ಕ; ಸುಮ್ಮನಿದ್ದೆ.

ಸುದ್ದಿ ಕೊಟ್ಟವನು ಪೆರ್ಪೆತ್.
ಕಪ್ಪೆಗೆ ಬೆಬೊ ಅನ್ನುತ್ತಾನೆ. ಒಂದು ಕಾಲಕ್ಕೆ
ಇಲ್ಲೇ ಪೆಟ್ರೋಮ್ಯಾಕ್ಸ್ ಬೆಳಕಿಗೆ ಕಣ್ಣು ಕುಕ್ಕಿಸಿ
ಚೀಲಗಟ್ಟಲೆ ಹಿಡಿದು ಮಡಗಾಂವಿಗೆ ಮಾರಿದವನು.
"ನಾನು ಕೊಂದದ್ದಕ್ಕೆ ರೇಟಿತ್ತು, ಜೋಡಿಗೆ ಹದಿನೆಂಟು ರೂಪಾಯಿ.
ಇದು ಯಾರ ವ್ಯಾಪಾರ?"
ಅವನ ಕೊಂಕಣಿಯನ್ನು ಮೇಡಂ ಹಿಂದಿ ಮಾಡಿದರು,
ನಾನು ಒಳಗೊಳಗೇ ವಿಜಾಪುರದ ಕನ್ನಡ ಮಾಡಿಕೊಂಡೆ.
ಅಷ್ಟು ದೂರ ಬಂದರೂ ಪ್ರಶ್ನೆ ಸವೆಯಲಿಲ್ಲ.

ಬೂಷ್ಟು ಇರಬಹುದು ಅಂದರು ಮೇಡಂ, ಚಿಮಟದಲ್ಲಿ ಒಂದನ್ನೆತ್ತಿ.
ಕಪ್ಪೆ ಚರ್ಮದಿಂದಲೇ ಉಸಿರಾಡುತ್ತದಂತೆ, ನೀರು ಕುಡಿಯುತ್ತದಂತೆ;
ಬೂಷ್ಟು ಹತ್ತಿ ಚರ್ಮ ದಪ್ಪವಾದರೆ
ಎದೆಬಡಿತ ನಿಲ್ಲುತ್ತದಂತೆ.
(ನಮ್ಮ ಕಡೆ ಎಮ್ಮೆ ಚರ್ಮದವರೇ ಬಾಳಿ ಬದುಕಿದ್ದು.)
ತೊಡೆಯ ಒಳಗೆ ಕೆಂಪು ಚುಕ್ಕಿ ನೋಡು, ವೈರಸ್ಸೂ ಇರಬಹುದು.
ಅಥವಾ ಗೇರುತೋಟದ ಹುಲ್ಲಿಗೆ ಹೊಡೆದ ಔಷಧಿ,
ಗಾಳಿ ಈ ಕಡೆಗೇ ಇತ್ತು, ಪೆರ್ಪೆತನ ಸಾಕ್ಷಿ.
ಜುಲೈಯಲ್ಲಿ ಹನ್ನೊಂದು ದಿನ ಮಳೆ ಬಾಯಿ ಮುಚ್ಚಿದಾಗ
ಕುಳಿಯ ನೀರು ಚಹಾದಷ್ಟು ಕಾದಿತ್ತಂತೆ.
ಗಣಿಯ ಧೂಳು? ಅದೂ ಇದೆ.
ಎಲ್ಲ ಸ್ವಲ್ಪ ಸ್ವಲ್ಪ ಸೇರಿಯೂ ಇರಬಹುದು,
ಆಮೇಲೆ ಯಾವುದನ್ನು ಹಿಡಿದು ಕೇಳುತ್ತೀ.

"ನಮ್ಮ ಬೂಟೇ ತಂದಿರಬಹುದು, ಬೇರೆ ಕೆರೆಯ ಕೆಸರು,"
ಅಂದು ಅವರು ಅಡಿಯನ್ನು ಬ್ಲೀಚಿನಲ್ಲಿ ಅದ್ದಿದರು. ನಾನೂ ಅದ್ದಿದೆ.
ಜೀಪಿಗೆ ಬೂಟಿಲ್ಲ.

ಐಸ್ ಪೆಟ್ಟಿಗೆ ಹಿಂದಿನ ಸೀಟಿನಲ್ಲಿ.
ಉಬ್ಬುಗಳಲ್ಲಿ ನಿಧಾನ ದಾಟಿಸಿದೆ,
ಎಚ್ಚರವಾದರೆ ಅಳುತ್ತಾವೆ ಎಂಬಂತೆ.
ತಿಳಾಮಳ ದಾಟುವ ತನಕ ಮಾತಿಲ್ಲ.
ಮೇಡಂ ಮೊಣಕಾಲ ಮೇಲೆ ಫಾರ್ಮು ಇಟ್ಟುಕೊಂಡು
ಊರು, ಎತ್ತರ, ನೀರಿನ ಉಷ್ಣತೆ, ಸಂಖ್ಯೆ, ಎಲ್ಲ ತುಂಬಿ
ಕಾರಣ ಎಂಬ ಕಾಲಮ್ಮಿಗೆ ಬಂದು ಪೆನ್ನು ಮುಚ್ಚಿದರು.

ಆಗ ಹೇಳಿದೆ.
ಅಂಬೋಲಿಯಿಂದ ಬಂದ ಮರುವಾರ ಇಲ್ಲಿಗೆ ಬಂದಿದ್ದೆವಲ್ಲ,
ನೀವು ಹುಲ್ಲಿನ ಫೋಟೋ ತೆಗೆಯುತ್ತಿದ್ದಿರಿ,
ನಾನು ದೊಡ್ಡ ಕುಳಿಯ ದಂಡೆಗೆ ಜೀಪು ಹಚ್ಚಿ
ಮಡ್‌ಗಾರ್ಡಿನ ಕೆಸರು ತೊಳೆದೆ. ನಾಲ್ಕು ಬಕೆಟ್.
ಕೊಳೆ ನೀರು ಅಲ್ಲೇ ಇಳಿಯಿತು.

ವೈಪರ್ ಎರಡು ಸಲ ಬಂದು ಹೋಯಿತು.
ಪೆನ್ನಿನ ಮುಚ್ಚಳ ತೆಗೆದು,
ನನ್ನ ಮುಖ ನೋಡದೆ,
"ಯಾವ ತಾರೀಕು, ಯಮನಪ್ಪ?" ಅಂದರು.