ಮೂರನೇ ದರ್ಜೆಯ ಒಳಗು

ಡಬ್ಬಿಯೊಳಗೊಂದು ಡಬ್ಬಿ.
ಹೊರಗಿನದು ರಟ್ಟಿನದು, ಚಹಾ ಪೊಟ್ಟಣದಷ್ಟು;
ಒಳಗಿನದು ರೈಲಿನದು, ಇನ್ನೂ ಎದ್ದು ನಿಂತಿಲ್ಲ,
ಉಗುರಿಗಿಂತ ತೆಳ್ಳನೆ ಹಿತ್ತಾಳೆ ಹಾಳೆಯಲ್ಲಿ
ಅಂಗಾತ ಮಲಗಿದೆ
ಎಂಟು ಬಾಗಿಲು ಹದಿನಾರು ಕಿಟಕಿ ಸಮೇತ.

ನಲವತ್ತು ವರ್ಷ ಹಲ್ಲು ಮಾಡಿದ ಕೈ ನನ್ನದು.
ಈ ಸ್ಲೇಟುಕಲ್ಲಿನ ಊರಲ್ಲಿ, ಕುಮ್‌ಗ್ಲಾಸಿನಲ್ಲಿ,
ಬೆಟ್ಟ ಸೀಳಿ ಯಾರಯಾರದೋ ಮಾಡಿಗೆ ಹೆಂಚು ಕಳಿಸಿದವರ
ಬಾಯಿಗೆಲ್ಲ
ದವಡೆಯ ಅಳತೆ ತೆಗೆದು, ಮೇಣ ಎರೆದು,
ನಗುವಿನ ಸಾಲು ಜೋಡಿಸಿ ಕೊಟ್ಟವನು.
ಆ ಚಿಮಟ, ಆ ಅರ, ಆ ಸಣ್ಣ ಕೊಕ್ಕೆ
ಈಗ ಅಡುಗೆಮನೆಯ ಮೇಜಿನ ಮೇಲೆ
ಅಡಿಗೆ ನಾಲ್ಕು ಮಿಲಿಮೀಟರಿನ ಲೆಕ್ಕದಲ್ಲಿ
ಹೊಸ ಉದ್ಯೋಗ ಹಿಡಿದಿವೆ.

ಹನ್ನೊಂದನೇ ಭಾಗ ಮಡಿಸುವ ಮೊದಲು
ಹದಿನಾಲ್ಕನ್ನು ಬೆಸೆಯಿರಿ, ಎನ್ನುತ್ತದೆ ಕೈಪಿಡಿ,
ಹನ್ನೊಂದನ್ನು ಮಡಿಸಿರಿ ಎಂದ ಪುಟದ
ಮುಂದಿನ ಪುಟದಲ್ಲಿ.
ಮಡಿಸಿದ ಹಿತ್ತಾಳೆಯನ್ನು ಒಂದು ಸಲ ಬಿಡಿಸಬಹುದು.
ಬಿಡಿಸಿದೆ.

ಬಾಗಿಲ ಹಿಡಿಕೆಯೊಂದು, ಎಳ್ಳಿಗಿಂತ ಚಿಕ್ಕದು,
ಚಿಮಟದಿಂದ ಚಿಮ್ಮಿ ಹಾರಿತು.
ಟಾರ್ಚು ಹಿಡಿದು ಜಮಖಾನದ ಮೇಲೆ ಮಂಡಿಯೂರಿ
ಒಂದು ಗಂಟೆ.
ಮಾರನೆಯ ದಿನ ಟೆಗ್ವೆನ್ ಕಾಲೆತ್ತಿ ತೋರಿಸಿದಳು:
ಅವಳ ಚಪ್ಪಲಿಯ ಅಟ್ಟೆಗೆ ಅಂಟಿಕೊಂಡು
ಕೋಳಿಗೂಡಿನ ತನಕ ಹೋಗಿ ಬಂದಿತ್ತು.

ಬೆಸುಗೆ ಹರಿಯುವ ಆ ಕ್ಷಣಕ್ಕೆ ಇಷ್ಟೆಲ್ಲ.
ಮಂಕು ಬೂದಿ ಬಣ್ಣದ ತವರ
ಥಟ್ಟನೆ ಬೆಳ್ಳಿಯಾಗಿ ಸಂದಿನುದ್ದಕ್ಕೂ ಓಡಿ
ಎರಡು ಗೋಡೆ ಒಂದು ಮೂಲೆಯಾಗುತ್ತವೆ.
ಉಸಿರು ಬಿಡುತ್ತೇನೆ. ಇನ್ನು ಮೂರು ಮೂಲೆ.

ಡಬ್ಬಿ ಎದ್ದು ನಿಂತಿತು. ಬಣ್ಣ?
ಹಳಿ ಕಿತ್ತು ಎಪ್ಪತ್ತು ವರ್ಷ. ಉಳಿದ ಫೋಟೋಗಳೆಲ್ಲ ಕಪ್ಪುಬಿಳುಪು.
ದ್ರಾಕ್ಷಾರಸದ ಕೆಂಪು ಎನ್ನುತ್ತಾನೆ ಗೆರಾಲ್ಟ್;
ಕಂದು, ಹಳೇ ಬೂಟಿನ ಕಂದು, ಎಂದು ಅವನ ಭಾವಮೈದುನ.
ಈ ಮಾತಿಗೇ ಒಂದು ಕ್ರಿಸ್‌ಮಸ್ಸು
ಅವರು ಒಟ್ಟಿಗೆ ಉಣ್ಣಲಿಲ್ಲ.

ಆ ರೈಲಿನಲ್ಲಿ ಕೂತವರು ಊರಲ್ಲಿ ಈಗ ಒಬ್ಬರೇ.
ಹತ್ತಿಯಲ್ಲಿ ಸುತ್ತಿ ಒಯ್ದೆ ಗ್ವೆನ್‌ಫ್ರನ್ ಅಜ್ಜಿಯ ಬಳಿ,
ತೊಂಬತ್ತೊಂದರ ಮಡಿಲಲ್ಲಿ ಇಟ್ಟು ಕೇಳಿದೆ:
ಹೇಳಿ, ಹೊರಗೆ ಯಾವ ಬಣ್ಣವಿತ್ತು?

ನಾನೇ ಮಾಡಿಕೊಟ್ಟ ಹಲ್ಲುಗಳಲ್ಲಿ ನಕ್ಕಳು.
"ಹೊರಗೆ? ನಾನು ಒಳಗಿದ್ದೆನಲ್ಲಪ್ಪ!"

ಆಮೇಲೆ ಕೇಳದೆಯೇ ಹೇಳಿದಳು:
ಒಳಗೆ ಸೊಂಟದವರೆಗೆ ಹಸಿರು; ಮೇಲೆ ಬೆಣ್ಣೆ ಬಣ್ಣ,
ಪೈಪಿನ ಹೊಗೆ ಹಿಡಿದು ಜೇನಿನಂತಾದದ್ದು.
ಪಟ್ಟಿ ಪಟ್ಟಿ ಹಲಗೆಯ ಸೀಟು,
ಎದ್ದರೆ ತೊಡೆಯ ಮೇಲೆ ಗೀಟು.
ಕಿಟಕಿ ಇಳಿಸುವ ತೊಗಲಿನ ವಾರಿಗೆ ಏಳು ತೂತು,
ಕ್ಷೌರದ ಕತ್ತಿ ಮಸೆಯಲೆಂದು ಯಾರೋ
ಅರ್ಧ ಕುಯ್ದು ಬಿಟ್ಟಿದ್ದ.
ಎಷ್ಟು ಕಿರಿದೆಂದರೆ
ಎದುರು ಕೂತ ಗಣಿಯ ಹುಡುಗರ ಮೊಣಕಾಲು
ತನ್ನ ಮೊಣಕಾಲಿಗೆ ತಾಗುತ್ತಿತ್ತು.
"ಅದರಲ್ಲಿ ಒಂದು ಮೊಣಕಾಲು..." ಎಂದು ನಿಲ್ಲಿಸಿದಳು.
"ಅದನ್ನೇ ಮದುವೆಯಾದೆ."

ಮೂರು ಸೊನ್ನೆಯ ಕುಂಚ, ಹತ್ತು ರಾತ್ರಿ.
ಹಸಿರು. ಬೆಣ್ಣೆ. ಅದರ ಮೇಲೆ
ತೆಳು ಡಿಕಾಕ್ಷನ್ನಿನಷ್ಟು ಜೇನು.
ಸೀಟಿನ ಪಟ್ಟಿಗಳಿಗೆ ಬೆಂಕಿಕಡ್ಡಿ ಸೀಳಿದೆ.
ವಾರಿನ ತೂತು ಮಾತ್ರ ಒಂದೂ ಆಗಲಿಲ್ಲ,
ಸೂಜಿಮೊನೆಯೂ ದಪ್ಪ.
ಒಬ್ಬ ಹುಡುಗಿ, ಒಬ್ಬ ಹುಡುಗ, ಎದುರುಬದುರು.
ತಾಗಿಸಲು ಏನೂ ಮಾಡಲಿಲ್ಲ ನಾನು;
ಅಳತೆ ಸರಿಯಿದ್ದರೆ
ಮೊಣಕಾಲು ತಾನಾಗಿಯೇ ತಾಗುತ್ತದೆ.

ಆಮೇಲೆ ಮಾಡು ಅಂಟಿಸಿದೆ.
ಇನ್ನು ಕಿಟಕಿಗೆ ಕಣ್ಣೊತ್ತಿ ದೀಪಕ್ಕೆ ಹಿಡಿದರೆ
ಕಂಡೂ ಕಾಣದಷ್ಟು ಹಸಿರು.

ಹೊರಗೆ?
ಒಂದು ಮಗ್ಗುಲು ಕೆಂಪು, ಒಂದು ಮಗ್ಗುಲು ಕಂದು.
ಬಾಗಿಲು ಬಡಿದ ಸದ್ದಾದರೆ ಮೊದಲು
ಬಂದವರು ಯಾರೆಂದು ಇಣುಕಿ
ತಿರುಗಿಸಿಡುತ್ತೇನೆ.