ಹದಿಮೂರು ಕಿಲೋ ಹಗುರ

ಮೂಂಟಾದ ವಿನಿ ಟ್ರೆಲೋರ್ ಶೆಡ್ಡಿನ ತೊಲೆಗೆ ಸರಪಳಿ ಬಿಗಿದು
ಮಾರಿಸ್ ಮೈನರಿನ ಹಳೆ ಎಂಜಿನ್ ಎತ್ತಿದೆವು,
ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ.
ಮೊದಲು ಬರಲೊಲ್ಲೆನೆಂದಿತು.
ಆಮೇಲೆ ಸೊಂಟ ಹಿಡಿದವರ ಹಾಗೆ
ಒಂದು ಮಗ್ಗುಲು, ಇನ್ನೊಂದು ಮಗ್ಗುಲು,
ಕಡೆಗೆ ಗಾಳಿಯಲ್ಲಿ
ತೊಟ್ಟಿಕ್ಕುತ್ತ ತೂಗಾಡಿತು.

"ಹಿಡಿ, ಹಿಡಿ, ಗೋಡೆಗೆ ಬಡಿದೀತು" ಎಂದಳು.
ಎಪ್ಪತ್ತೊಂದರ ಹೆಂಗಸು, ಮೊಣಕೈತನಕ ಗ್ರೀಸು.
ಹಿಡಿದೆ.

ನನ್ನ ಕೆಲಸ ಇಲ್ಲಿಂದ ಹದಿನೇಳು ಕಿಲೋಮೀಟರು,
ವಾಲರೂ ಬಂದರಿನ ತೂಕದ ಕಟ್ಟೆಯಲ್ಲಿ.
ಗೋಧಿಯ ಲಾರಿ ತುಂಬಿ ಬರುತ್ತದೆ, ಬರೆದುಕೊಳ್ಳುತ್ತೇನೆ;
ಬರಿದಾಗಿ ಹೋಗುತ್ತದೆ, ಬರೆದುಕೊಳ್ಳುತ್ತೇನೆ.
ಹಾಗಾಗಿ ಏನು ಕಂಡರೂ, ಎಷ್ಟು ತೂಗೀತು ಇದು,
ಎಂದು ಅಂದಾಜು ಕಟ್ಟುವ ಚಟ.

ಹೊಸ ಎಂಜಿನ್ ಅಂದರೆ ಅದೂ ಹಳೆಯದೇ.
ಕಡೀನಾದ ಗುಜರಿಯಲ್ಲಿ
ಹುಲ್ಲು ಹೊದ್ದು ಮಲಗಿದ್ದ ಡಾಟ್ಸನ್ನಿನದು.
ಹದಿಮೂರು ಕಿಲೋ ಹಗುರ,
ಕಸುವು ಮಾತ್ರ ಹೆಚ್ಚು ಕಡಿಮೆ ಎರಡು ಪಟ್ಟು.
ಹಾಗೆಂದು ಕೂರಿಸಿದ ಕೂಡಲೇ ಕೂತೀತೆ?
ಎಣ್ಣೆಯ ತೊಟ್ಟಿ ಅಡ್ಡಪಟ್ಟಿಗೆ ತಾಗಿತು:
ಕೊಯ್ದು, ಮೂತಿ ತಿರುಗಿಸಿ, ಬೆಸೆದಳು.
ಗೇರ್ ಪೆಟ್ಟಿಗೆಗೆ ಜಾಗ ಸಾಲದು:
ನೆಲದ ತಗಡನ್ನು ಸುತ್ತಿಗೆಯಲ್ಲಿ ಬೆರಳಗಲ ಉಬ್ಬಿಸಿದಳು.
ವೇಗದ ಮುಳ್ಳಿನ ತಂತಿ ಯಾವ ತೂತಿಗೂ ಹೊಂದಲಿಲ್ಲ.
"ಬಿಡು, ನನಗೇ ಗೊತ್ತಾಗುತ್ತೆ."
ಮುಳ್ಳು ಸೊನ್ನೆಯಲ್ಲೇ ಉಳಿಯಿತು.

ಕಾರು ತೀರಿಹೋದ ಗಂಡನದಿರಬೇಕು ಎಂದುಕೊಂಡಿದ್ದೆ.
ಅಲ್ಲವಂತೆ. ಅವನಿಗೆ ದೋಣಿಯ ಹುಚ್ಚು,
ಇದನ್ನು ಒಂದು ದಿನ ತೊಳೆದವನೂ ಅಲ್ಲ.
ಉಣ್ಣೆ ವಿಂಗಡಿಸಿದ ಕೂಲಿಯಲ್ಲಿ, ಇಪ್ಪತ್ತರ ಪ್ರಾಯದಲ್ಲಿ
ತಾನೇ ಕೊಂಡದ್ದು.
"ಬೇಸರವಿಲ್ಲವೆ, ಒಡಲನ್ನೇ ತೆಗೆದುಬಿಟ್ಟೆವಲ್ಲ?"
ಸ್ಪ್ಯಾನರ್ ಒರೆಸುತ್ತ ಅಂದಳು:
"ಏರು ಹತ್ತಲಾರದ್ದನ್ನು ಐವತ್ತು ವರ್ಷ ಕ್ಷಮಿಸಿದ್ದೇನೆ.
ಸಾಕು."

ನೋಂದಣಿಯ ಅರ್ಜಿಯಲ್ಲಿ ಒಂದು ಚೌಕ:
ಎಂಜಿನ್ ಬದಲಿಸಿದ್ದಕ್ಕೆ ಕಾರಣ.
ತಂಗಿಯ ಮನೆ ಗುಡ್ಡದ ಮೇಲಿದೆ,
ಎಂದು ಬರೆದಳು, ದುಂಡಗಿನ ಅಕ್ಷರದಲ್ಲಿ.

ಶೆಡ್ಡಿನ ಆ ಮೂಲೆಯಲ್ಲಿ ಮೊಮ್ಮಗ ಜೋರಿ.
ಕುರಿ ಅಟ್ಟುವ ಕ್ವಾಡ್ ಬೈಕಿಗೆ
ರಸ್ತೆ ಬೈಕಿನ ಆರುನೂರು ಸಿಸಿ ಎಂಜಿನ್ ತುರುಕಿದ್ದಾನೆ.
ಚೈನು ಒಂದು ಕೊಂಡಿ ಉದ್ದವಾಯಿತು, ಆಮೇಲೆ ಒಂದು ಗಿಡ್ಡ,
ಆಮೇಲೆ ಸರಿ.
ಎಲ್ಲ ಮುಗಿಸಿ ಬೋಲ್ಟು ಬಿಗಿದ ಮೇಲೆ ಹೊಳೆಯಿತು ಅವನಿಗೆ:
ಬೈಕಿನ ಎಂಜಿನ್ನಿಗೆ ರಿವರ್ಸ್ ಇರುವುದಿಲ್ಲ.

ಭಾನುವಾರ ಸಂಜೆ ಮೈನರ್ ಕೆಮ್ಮಿತು, ಸೀನಿತು,
ಗುಡುಗಿ ಹೊರಟಿತು
ಹೊಸ ಅಗಸ ಗೋಣಿ ಎತ್ತೆತ್ತಿ ಒಗೆದ ಹಾಗೆ.
ಗಾದೆ ಬಿಡಿಸಿ ಹೇಳಿದೆ. "ಆಮೇಲೆ?" ಎಂದಳು.
"ಆಮೇಲೆ ಅದ್ದಿ ತೆಗೆಯುತ್ತಾನೆ, ಅಷ್ಟೆ."
ನಕ್ಕು ಎಕ್ಸಲರೇಟರ್ ತುಳಿದಳು.
ಗೋಧಿಯ ಕೂಳೆ ಎರಡೂ ಕಡೆ ಹಿಂದಕ್ಕೋಡಿತು,
ಸೊನ್ನೆ ಕಿಲೋಮೀಟರ್ ವೇಗದಲ್ಲಿ.

ಲಾರಿಗಳಿಲ್ಲದ ಹೊತ್ತು. ನನ್ನ ಕಟ್ಟೆಯ ಮೇಲೆ ನಿಲ್ಲಿಸಿ
ಇಳಿದೆವು. ಏಳುನೂರ ಎಂಬತ್ತು.
ಚಳಿಗಾಲದಲ್ಲಿ ತೂಗಿದಾಗಲೂ ಏಳುನೂರ ಎಂಬತ್ತೇ.
ಇಪ್ಪತ್ತು ಇಪ್ಪತ್ತಾಗಿ ಎಣಿಸುವ ತಕ್ಕಡಿ ಇದು,
ಹದಿಮೂರು ಅದರ ಕಣ್ಣಿಗೆ ಬೀಳದು.
ಚೀಟಿಯನ್ನು ಮಡಿಸಿ
ಗ್ಲೋವ್ ಬಾಕ್ಸಿನಲ್ಲಿಟ್ಟುಕೊಂಡಳು.

ಹಿಂದಿರುಗಿದಾಗ ಕತ್ತಲು.
ಕ್ವಾಡನ್ನು ಬೇಲಿಗೆ ಮುಖ ಮಾಡಿ ನಿಲ್ಲಿಸಿಕೊಂಡು
ಜೋರಿ ನಮಗಾಗಿ ಕಾದು ಕೂತಿದ್ದ.
ಅವನು ಹ್ಯಾಂಡಲ್ ಹಿಡಿದ, ವಿನಿ ದೀಪ ಹಿಡಿದಳು,
ನಾನು ಹಿಂದಿನ ಕಂಬಿಗೆ ಕೈಹಾಕಿ ಜಗ್ಗಿದೆ.
ಇನ್ನೂರ ಮೂವತ್ತು ಇರಬಹುದು,
ಕೆಸರಿದ್ದರೆ ನಲವತ್ತು.
"ಇನ್ನೊಂದು ಸ್ವಲ್ಪ" ಎಂದ,
"ಇನ್ನೊಂದೇ ಒಂದು ಸ್ವಲ್ಪ."