ಗೆರೆಗೊಂದು, ನೆರಳಿಗೊಂದು

ಮಾರ್ಚ್ ಕೊನೆ. ಡುಲೂತ್ ಬಂದರಿಗೆ ವರ್ಷದ ಮೊದಲ ಅದಿರು ಹಡಗು
ಮಂಜುಗಡ್ಡೆ ಸೀಳಿಕೊಂಡು ಬಂದು ಕೂಗಿದ ಬೆಳಿಗ್ಗೆ
ವಿಲ್ಹೊ ಹಾಪಲ ಸಿಗಾರಿನ ಡಬ್ಬಿಯನ್ನು
ಮೇಜಿನ ಮೇಲೆ ಬೋರಲು ಹಾಕಿದ.
ಸ್ಪ್ರಿಂಗುಗಳು. ನೂರಿರಬಹುದು.
ನೀಲಿಗಟ್ಟಿದ್ದು, ತುಕ್ಕು ಮುತ್ತಿದ್ದು,
ತೂತಿನ ಪಕ್ಕ ಕೂದಲೆಳೆಯಷ್ಟು ಬಿರಿದದ್ದು.
‘ಆರಿಸು’ ಅಂದ. ‘ಗೆರೆಗೊಂದು, ನೆರಳಿಗೊಂದು.’
ಕಾಫಿ ಕಾಸಲು ಒಳಗೆ ಹೋದ.

ಕಣ್ಣಲ್ಲಿ ಆರಿಸಿದೆ ನಾನು, ಹೊಳೆಯುವುದನ್ನೇ.
ಬಂದವನು ಎರಡನ್ನೂ ಕಸದ ಬುಟ್ಟಿಗೆ ಎಸೆದ.

ಬೆರಳಲ್ಲಿ ನೋಡು ಹುಡುಗಿ.
ಒತ್ತಿ ಬಿಟ್ಟರೆ ಗೆರೆಯದು ಸಿಟ್ಟಲ್ಲಿ ಮರಳಬೇಕು:
ಗಿಡ್ಡ, ದಪ್ಪ, ಮಾತು ಕಡಿಮೆ.
ನೆರಳಿನದು ಉದ್ದ, ಕೊಂಚ ಯೋಚಿಸಿ ಮರಳುತ್ತದೆ.
ಇಕ್ಕಳದಲ್ಲಿ ಬಗ್ಗಿಸಿದೆಯೋ,
ಎಲ್ಲಿ ಮುರಿಯಬೇಕೆಂದು ನೀನೇ ಗುರುತು ಹಾಕಿಕೊಟ್ಟಂತೆ.
ಹೆಬ್ಬೆರಳ ಮೇಲಿಟ್ಟು ಬಾಗಿಸು. ಅಂಚನ್ನು ಸಾಣೆಗೆ ಹಿಡಿ.
ಈ ಉಕ್ಕು ಮೆಸಾಬಿ ಗುಡ್ಡದ ಕೆಂಪು ಮಣ್ಣಲ್ಲೇ ಹುಟ್ಟಿರಬಹುದು,
ಇದೇ ದಕ್ಕೆಯಲ್ಲಿ ಹಡಗು ಹತ್ತಿ, ಎಲ್ಲೋ ಬೆಂಕಿ ಕಂಡು
ನಾಲಗೆಯಾಗಿ ವಾಪಸು ಬಂದಿದೆ.
ಬಂದದ್ದಕ್ಕೆ ಮರ್ಯಾದೆ ಕೊಡು.

ಆಮೇಲೆ ಸಂದು.
ಬೆಳ್ಳಿ ತಿರುಪಿನ ಮೊನೆಗೂ ಸ್ಪ್ರಿಂಗಿನ ಬೆನ್ನಿಗೂ ನಡುವೆ
ಗೆರೆಗಾದರೆ ಒಂದು ಡೈಮ್ ತೂರುವಷ್ಟು,
ನೆರಳಿಗೆ ಒಂದು ನಿಕಲ್.
‘ಹದಿನೈದು ಸೆಂಟಿಗೆ ಕಸುಬೇ ಬಂತಲ್ಲ!’ ಎಂದು ನಕ್ಕೆ.
ಅವನು ನಗಲಿಲ್ಲ. ಕಿವಿಗೊಟ್ಟಿದ್ದ.

ತಿರುಪು ಕಾಲು ಸುತ್ತು: ಡಬ್ಬಿಯಲ್ಲಿ ಸಿಕ್ಕ ಕಣಜ.
ಇನ್ನೊಂದು ಕೂದಲಷ್ಟು: ಯಾರೋ ಹೊಸ ಬಟ್ಟೆ ಹರಿದಂತೆ.
ಅಲ್ಲೇ ನಿಲ್ಲಿಸು ಎಂದ. ಅದು ಗೆರೆ.
ನೆರಳಿನ ಯಂತ್ರ ಮಾತ್ರ ಸಂಜೆಯವರೆಗೂ ಕೆಮ್ಮಿತು,
ಮೂರು ಸ್ಪ್ರಿಂಗು ತಿಂದಿತು,
ನೀಲಿ ಕಿಡಿ ಉಗುಳಿತು.
ಕೊನೆಗೆ, ಅಂಗಡಿ ಬಾಗಿಲು ಹಾಕುವ ಹೊತ್ತಿಗೆ,
ನಿದ್ದೆಯಲ್ಲಿರುವ ದೊಡ್ಡ ಪ್ರಾಣಿಯ ಗಂಟಲಿನಂತೆ ಗುರುಗುಟ್ಟಿತು.
ಹದ ಎಂದರೆ ಏನೆಂದು ಅವನು ಹೇಳಲಿಲ್ಲ.
ದೀಪ ಆರಿಸಿದ.

ಹಾಗೆ ಏಳು ಚಳಿಗಾಲ.
ಕ್ರೇನು ಓಡಿಸುವವನ ಎಮ್ಮೆದೊಗಲಿಗೆ,
ರಾತ್ರಿ ಪಾಳಿಯ ದಾದಿಯ ಮಣಿಕಟ್ಟಿಗೆ,
ಹೊಟ್ಟೆ ಕೊಯ್ಸಿಕೊಂಡವಳ ಹೊಲಿಗೆಯ ಅಂಚಿಗೆ
ಬಿಚ್ಚಿದೆ, ಬಿಗಿದೆ, ಕಾಲು ಸುತ್ತು ತಿರುಗಿಸಿದೆ.

ಈ ಮಾರ್ಚಿನಲ್ಲಿ ಹಡಗು ಕೂಗಿದಾಗ
ಅವನೇ ತೋಳು ಮಡಚಿ ಕೂತ.
ಎಪ್ಪತ್ತೊಂಬತ್ತು. ಮೊಣಕೈ ಒಳಗೆ
ಅಂಗೈಯಗಲ ಮಾತ್ರ ಖಾಲಿ ಉಳಿದಿತ್ತು.
‘ಒಂದು ಗೆರೆ. ಅದರ ಕೆಳಗೆ ನೆರಳು. ಅದೇ ಸರೋವರ.
ಹದಿನೆಂಟು ಹಾಕು’ ಅಂದ.

ಮುಟ್ಟಿ ನೋಡಿದೆ. ಈರುಳ್ಳಿಯ ಒಳಪೊರೆ.
ಕೆಳಗೆ ನರ ನೀಲಿಯಾಗಿ ಹೊರಳಿತು.
ಬೆನ್ನು ತಿರುಗಿಸಿ, ಡಬ್ಬಿ ಸದ್ದಾಗದಂತೆ ತೆರೆದು,
ಹದಿನಾರನ್ನು ತೆಗೆದೆ. ತೆಳು. ಮೆದು.
ಸಂದನ್ನು ನಾಣ್ಯವಿಲ್ಲದೆ ಹಿಡಿದೆ.

ಯಂತ್ರ ಹಾಡಿದ್ದು ಅರ್ಧ ಸ್ವರ ಕೆಳಗೆ.
ಅವನಿಗೆ ಗೊತ್ತಾಗದಿರುತ್ತದೆಯೇ,
ಪಕ್ಕದ ಬೀದಿಯ ಅಂಗಡಿಯಲ್ಲಿ ತಿರುಪು ಸಡಿಲವಾದರೆ
ಇಲ್ಲಿ ಮುಖ ಗಂಟಿಕ್ಕುತ್ತಿದ್ದವನಿಗೆ?
ಕಾಫಿ ಲೋಟ ಮೇಜಿಗೆ ಕೂತ ಸದ್ದು.
ಮತ್ತೆ, ಎಡಗಿವಿಯ ಯಂತ್ರವನ್ನು ಕಿತ್ತು
ಅಂಗಿಯ ಜೇಬಿಗೆ ಹಾಕಿಕೊಂಡ.
ಕೇಳಿಸಬಾರದೆಂದೋ, ಕೇಳಿಸಿತೆಂದೋ.

ಗೆರೆ ಎಳೆದೆ, ಉಸಿರು ಹಿಡಿದು, ಒಂದೇ ಸಲಕ್ಕೆ.
ನೆರಳನ್ನು ನಿಧಾನವಾಗಿ ಕೆಳಗಿಳಿಸಿದೆ.

ತುಂಬ ಹೊತ್ತು ತೋಳು ನೋಡಿಕೊಂಡ.
‘ಗಾಳಿಯಿಲ್ಲದ ದಿನ’ ಅಂದ.
ಆಮೇಲೆ ನನ್ನ ಯಂತ್ರ ಎತ್ತಿ, ಸ್ಪ್ರಿಂಗಿನ ಮೇಲೆ
ಹೆಬ್ಬೆರಳಿಟ್ಟು ಒತ್ತಿದ. ಬಿಟ್ಟ. ಮತ್ತೊಮ್ಮೆ ಒತ್ತಿದ.
‘ಹದಿನಾರು.’

ಬಿಚ್ಚಲಿಲ್ಲ. ಹಾಗೇ ಕೆಳಗಿಟ್ಟ.